ಬರುವ ಟಿಕೆಟ್ಟಿನ ಮಾತು

ಹೋದ ವಾರ ಒಬ್ಬರು ನಮ್ಮ ಮನೆಗೆ ಬಂದು ನನ್ನ ಕ್ಷಮೆ ಕೇಳಿದರು. ಯಾವ ತಪ್ಪಿಗೆ? ಅವರಿಗೂ ಗೊತ್ತಿರಲಿಲ್ಲ, ನನಗೂ ನೆನಪಿರಲಿಲ್ಲ. (ನನ್ನ ನೆನಪಿನ ಯೋಗ್ಯತೆ ನಿಮಗೆ ಗೊತ್ತೇ ಇದೆ.)

ಬಂದವರು ಇಲ್ಲೇ ಇಳಕಲ್ಲಿನ ಹುಸೇನಸಾಬರು. ಸೀರೆಯ ನೂಲಿಗೆ ಬಣ್ಣ ಹಾಕುವವರು. ಹಜ್ ಯಾತ್ರೆಗೆ ಹೊರಟಿದ್ದಾರೆ. ಹೊರಡುವ ಮುನ್ನ ಪರಿಚಯದವರ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಮಾಫಿ ಕೇಳುವುದು ಅವರಲ್ಲಿ ಪದ್ಧತಿ.

ಮಾಫ್ ಮಾಡಿದೆ. ಕೂಡಲೇ ಎರಡನೆಯ ಕೆಲಸ ಹೇಳಿದರು. "ನೀವು ಮುಂಬಯಿದಾಗ ಓದಿದವರು. ಹಡಗಿನ ಟಿಕೆಟ್ಟಿಂದು ಹೆಂಗ, ಸ್ವಲ್ಪ ತಿಳಿಸಿ ಹೇಳ್ರಿ ಮಾಸ್ತರ."

ಉಪದೇಶದ ಅವಕಾಶವನ್ನು ಬಿ.ಎ. ಆದವನು ಬಿಟ್ಟಾನೆಯೇ?

ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಗೆ ಚಕ್ಕಡಿ, ಅಲ್ಲಿಂದ ಮುಂಬಯಿಗೆ ರೈಲು, ಅಲ್ಲಿಯವರೆಗೆ ಚಿಂತೆಯಿಲ್ಲ. ಮುಂಬಯಿ ಸ್ಟೇಶನ್ನಿನಲ್ಲಿ ದಲಾಲರು ಮುತ್ತುತ್ತಾರೆ, ಗಂಟು ಅವರ ಕೈಗೆ ಕೊಡಬೇಡಿ. ಟಿಕೆಟ್ಟನ್ನು ಸ್ಟೀಮರ್ ಕಂಪನಿಯ ಆಫೀಸಿನಲ್ಲಿ ನೀವೇ ತೆಗೆದುಕೊಳ್ಳಿ. ಹಡಗು ಹೊರಡುವ ದಿನವನ್ನು ಪತ್ರ ಬರೆದು ಕೇಳೋಣ, ಆದರೆ ಅದು ಆ ದಿನವೇ ಹೊರಡುತ್ತದೆಂದು ನಂಬುವುದು ಬೇಡ. ಡೆಕ್ಕಿನ ಮೇಲೆ ಅಡುಗೆ ನಿಮ್ಮದೇ. ಒಣಗಿಸಿದ ಕಟಕರೊಟ್ಟಿ, ಶೇಂಗಾಚಟ್ನಿ ಇದ್ದರೆ ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವ ದಿನ ಒಲೆಯ ಗೋಜಿಲ್ಲ.

"ಮತ್ತ ಹೋಗೂದು ಬರೂದು ಎರಡೂ ಟಿಕೆಟ್ ಒಮ್ಮೆಲೇ ತಗೊಳ್ರಿ. ಕೈ ಖಾಲಿಯಾಗಿ ಜಿದ್ದಾ ಬಂದರದಾಗ ಸಿಕ್ಕಿಬಿದ್ದವರು ಭಾಳ ಮಂದಿ ಅದಾರ," ಎಂದೆ.

"ಅದೊಂದು ಬಿಡ್ರಿ," ಎಂದರು. "ಹೋಗೂದಷ್ಟ ಸಾಕು. ಅಲ್ಲೇ ಮಣ್ಣಾದ್ರ ನನ್ನ ನಸೀಬು."

ಮರುದಿನ ಅವರ ಮನೆಗೆ ಹೋದಾಗ ಹೆಂಡತಿ ಬೀಬಿಜಾನ್ ಬಾಗಿಲ ಮರೆಯಿಂದಲೇ ಹೇಳಿದರು: "ಮಾಸ್ತರ, ಬರೂ ಟಿಕೆಟ್ ತಗೋ ಅಂತ ನೀವರ ಹೇಳ್ರಿ. ನನ್ನ ಮಾತಿಗೆ ನಗತಾರ." ನಾನು ಮತ್ತೆ ಹೇಳಿದೆ. ನನ್ನ ಮಾತಿಗೂ ನಕ್ಕರು.

ಮಾಫಿ ಕೇಳಲು ಒಂದೇ ಮನೆ ಉಳಿದಿತ್ತು. ನೇಕಾರ ಸಂಗಪ್ಪನದು. ಹಿಂದೆ ಹುಸೇನಸಾಬರು ಹಾಕಿದ ಕೆಂಪು ಬಣ್ಣ ಸಂಗಪ್ಪ ನೇಯ್ದ ಮದುವೆ ಸೀರೆಯಲ್ಲಿ ಬಿಟ್ಟು, ಬೈಗುಳ ತಿಂದವನು ಸಂಗಪ್ಪ. ಒಗೆದವರದೇ ತಪ್ಪು ಎಂದು ಇವರ ಹಟ. ಅಂದಿನಿಂದ ಮಾತಿಲ್ಲ. ಧೈರ್ಯಕ್ಕೆಂದು ನನ್ನನ್ನೂ ಕರೆದೊಯ್ದರು.

ಸಂಗಪ್ಪ ಮಗ್ಗದ ಕುಣಿಯಿಂದ ಏಳಲಿಲ್ಲ, ಲಾಳಿ ಎಸೆಯುತ್ತಲೇ ಇದ್ದ.

"ಹಜ್‌ಕ ಹೊಂಟೇನಿ ಸಂಗಪ್ಪಾ. ಮಾಫ್ ಮಾಡು."

"ಬಣ್ಣ ಬಿಟ್ಟಿದ್ದು ಖರೆ ಅಂತ ಒಪ್ಪತೀ?"

"ಒಪ್ಪತೇನಿ."

"ಇಷ್ಟು ವರ್ಷ ಒಪ್ಪಲಾರದಾಂವ ಈಗ್ಯಾಕ ಒಪ್ಪತೀ?"

"ತಿರುಗಿ ಬರ್ತೇನೋ ಇಲ್ಲೋ."

ಲಾಳಿ ನಿಂತಿತು.

"ಹಂಗಾರ ಮಾಫ್ ಮಾಡೂದಿಲ್ಲ, ಹೋಗಲೇ. ಮಾಡಿದ್ರ ನೀ ನಿಶ್ಚಿಂತಿಲೆ ಅಲ್ಲೇ ಮಲಗಾಂವ. ತಿರುಗಿ ಬಂದು ಕೇಳು. ಆವಾಗ ನೋಡೂಣು."

ಇದನ್ನು ಅವನು ಸಿಟ್ಟಿನಿಂದ ಹೇಳಿದನೇ, ನಕ್ಕು ಹೇಳಿದನೇ? ಗೆಳೆಯರ ಮುಂದೆ ಹೇಳುವಾಗ ನಾನು ಅವನನ್ನು ನಗಿಸುತ್ತೇನೆ. ಮನೆಯಲ್ಲಿ ಹೇಳುವಾಗ ಅವನ ಕಣ್ಣು ಒದ್ದೆ ಮಾಡುತ್ತೇನೆ. ನಿಜವಾಗಿ ನಾನು ನೋಡುತ್ತಿದ್ದುದು ಅವನ ಕೈಯನ್ನು. ಅದು ಲಾಳಿಯನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟು ಮಾತ್ರ ಖಚಿತ.

ತಿರುಗಿ ಬರುವಾಗ ಹುಸೇನಸಾಬರು ಮಸೀದಿಯ ಹತ್ತಿರ ನಿಂತರು.

"ಆ ಮಗ ಮಾಫ್ ಮಾಡೂತನಕ ಸಾಯಾಕೂ ಬರೂದಿಲ್ಲ. ಮಾಸ್ತರ, ಕಂಪನಿಗೆ ಬರೀತೀರಲ್ಲ? ಬರೂ ಟಿಕೆಟ್ಟಿಂದೂ ಕೇಳ್ರಿ."

ಪತ್ರವನ್ನು ಅಂದೇ ಟಪಾಲಿಗೆ ಹಾಕಿದೆ. ಸಂಜೆ ಬೀಬಿಜಾನ್ ಸಂಗಪ್ಪನ ಮನೆಗೆ ಸಕ್ಕರೆ ಕಳಿಸಿದರಂತೆ.

ಪರದೇಶಕ್ಕೆ ಹೊರಟ ಓದುಗರೇ, ಊರಿನಲ್ಲಿ ಒಂದಾದರೂ ಜಗಳ ಬಾಕಿ ಇಟ್ಟಿದ್ದೀರಿ ತಾನೇ?