ಡಬ್ಬದಲ್ಲಿ ಬಚ್ಚಿಟ್ಟ ಕೂದಲು

ಬಸ್ತಿಹಳ್ಳಿಯ ರಮಾ ಮೇಡಂ ಮಗ್ಗಿ ಬಾಯಿಪಾಠ ಮಾಡಿಸುವುದರಲ್ಲಿ ಎಷ್ಟು ಗಟ್ಟಿಗಿತ್ತಿಯೋ, ತನ್ನ ಹೆದರಿಕೆಯನ್ನು ಮುಚ್ಚಿಡುವುದರಲ್ಲೂ ಅಷ್ಟೇ ಗಟ್ಟಿಗಿತ್ತಿ. ಕೂದಲು ಉದುರುತ್ತದೆ ಅಂತ ಯಾವ ಬಾಣಂತಿ ಗೋಳಾಡಿದರೂ ಊರಿನವರು ಅವಳ ಮನೆ ದಾರಿ ತೋರಿಸುತ್ತಾರೆ. ಬಂದವರನ್ನು ಕೂರಿಸಿ ಅವಳು ಮೊದಲು ಕೇಳುವುದು, ಮಗುವಿಗೆ ಎಷ್ಟು ತಿಂಗಳು ಅಂತ. ಈ ಬುದ್ಧಿ ಅವಳಿಗೆ ಸುಮ್ಮನೆ ಬಂದದ್ದಲ್ಲ.

1998ರಲ್ಲಿ ರಮಾಗೆ ಚೊಚ್ಚಲ ಹೆರಿಗೆಯಾಯಿತು. ಹೆಣ್ಣು ಮಗು, ಮಧುಶ್ರೀ. ರಮಾ ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು, ಕಣಕಟ್ಟೆಯಲ್ಲಿ ಅಜ್ಜಿ ಕೈಯಲ್ಲಿ ಬೆಳೆದವಳು. ಹಾಗಾಗಿ ಬಾಣಂತನ ಮಾಡಿದ್ದು ಗಿಡ್ಡಮ್ಮ. ಗಿಡ್ಡಮ್ಮ ಬರೀ ಗಂಡನ ತಾಯಿಯಲ್ಲ, ರಮಾಳ ಅಪ್ಪನ ಒಡಹುಟ್ಟಿದ ಅಕ್ಕ. ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಮೂರು ತಿಂಗಳು ಸೊಸೆಯ ಕಾಲನ್ನು ನೆಲಕ್ಕೆ ತಾಗಿಸದೆ ನೋಡಿಕೊಂಡಳು.

ರಜೆ ಮುಗಿಸಿ ಶಾಲೆಗೆ ಹೋಗತೊಡಗಿದ ಹೊತ್ತಿಗೇ ಕೂದಲು ಕೈಗೆ ಬರತೊಡಗಿತು. ಬಾಚಿದರೆ ಬಾಚಣಿಗೆ ತುಂಬ, ತಲೆಗೆ ನೀರು ಹಾಕಿಕೊಂಡರೆ ಬಚ್ಚಲ ತೂಬು ಕಟ್ಟಿಕೊಳ್ಳುವಷ್ಟು. ಹೆಡ್‌ಮಿಸ್ ಅನುಸೂಯಮ್ಮ ದಾಸವಾಳದ ಎಣ್ಣೆ ತಂದುಕೊಟ್ಟರು. ಇನ್ನೊಬ್ಬರು ಗರುಗದ ಸೊಪ್ಪು ಅಂದರು, ಮತ್ತೊಬ್ಬರು ಈರುಳ್ಳಿ ರಸ ಅಂದರು. ಎಲ್ಲವನ್ನೂ ಮೆತ್ತಿಕೊಂಡು ತಲೆ ನಾರಿತೇ ಹೊರತು ಒಂದು ಕೂದಲೂ ನಿಲ್ಲಲಿಲ್ಲ. ಗಂಡ ದೇವರಾಜ್ ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹೆಂಡತಿಯ ಜಡೆ ಇಲಿಬಾಲದಂತಾದದ್ದು ಆ ಪುಣ್ಯಾತ್ಮನ ಕಣ್ಣಿಗೆ ಬೀಳಲೇ ಇಲ್ಲ.

ಜಡೆ ಹೋದರೆ ಹೋಗಲಿ, ರಮಾಗೆ ಅದರ ಚಿಂತೆಯಿರಲಿಲ್ಲ. ಅವಳಿಗೆ ಅಮ್ಮನ ಬಗ್ಗೆ ನೆನಪಿದ್ದದ್ದು ಎರಡೇ ಸಂಗತಿ. ಹೊಸಿಲ ಮೇಲೆ ಕೂತ ಅಮ್ಮನ ತಲೆಯಿಂದ ಕೂದಲು ಹಿಡಿ ಹಿಡಿಯಾಗಿ ಬಂದದ್ದು. ಆಮೇಲೆ ಅಮ್ಮ ಇಲ್ಲವಾದದ್ದು. ಮೊದಲು ಕೂದಲು, ಆಮೇಲೆ ಸಾವು. ಈಗ ಅದೇ ತನಗೂ ಬಂದಿದೆ ಎಂದು ಅವಳು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಳು. ಉದುರಿದ ಕೂದಲನ್ನು ದಿನಾ ಬೆಳಿಗ್ಗೆ ಎಣಿಸುವುದು, ಉಂಡೆ ಸುತ್ತಿ ಹಾಲಿನ ಪುಡಿಯ ಖಾಲಿ ಡಬ್ಬದೊಳಗೆ ಬಚ್ಚಿಡುವುದು. ಧೈರ್ಯ ಬಂದ ದಿನ ಡಾಕ್ಟರಿಗೆ ತೋರಿಸೋಣ ಅಂತ. ಧೈರ್ಯ ಬರಲಿಲ್ಲ.

ಡಾಕ್ಟರ ಬಳಿ ಹೋಗುವ ಬದಲು ಅವಳು ಮಾಡಿದ ಕೆಲಸ ಕೇಳಿದರೆ ಹೊಟ್ಟೆ ಉರಿಯುತ್ತದೆ. ತಾಯಿಯಿಲ್ಲದೆ ಬದುಕುವುದು ಏನೆಂದು ಅವಳಿಗೆ ಗೊತ್ತಿತ್ತು. ಮಗುವಿಗೆ ಈಗಿನಿಂದಲೇ ಅಜ್ಜಿ ರೂಢಿಯಾಗಲಿ, ತನ್ನನ್ನು ಹೆಚ್ಚು ಹಚ್ಚಿಕೊಳ್ಳುವುದು ಬೇಡ ಎಂದು ಹಾಲು ಕುಡಿಸಿದವಳೇ ಮಗುವನ್ನು ಅತ್ತೆಯ ಮಡಿಲಿಗೆ ಹಾಕುತ್ತಿದ್ದಳು. ಮಲಗಿಸುವುದೂ ಅಜ್ಜಿಯ ಪಕ್ಕದಲ್ಲೇ. ಕೂಸು ಅವಳನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕರೆ ಕಾಪಿ ತಿದ್ದುವ ನೆವ ಹೂಡಿ ಮುಖ ತಿರುಗಿಸುತ್ತಿದ್ದಳು. ಓದಿದ ಹುಡುಗಿ, ಮಗು ಇವಳಿಗೆ ಭಾರ ಎಂದುಕೊಂಡ ಗಿಡ್ಡಮ್ಮ ಒಳಗೇ ಕುದಿಯುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ರಮಾ ಶಾಲೆಯಿಂದ ಬಂದಾಗ ಗಿಡ್ಡಮ್ಮ ಫಳಫಳ ಹೊಳೆಯುವ ಹೊಸ ಸ್ಟೀಲ್ ಬಟ್ಟಲಲ್ಲಿ ರಾಗಿ ಸರಿ ಆರಿಸುತ್ತಿದ್ದಳು. ಕೂದಲು ಕೊಳ್ಳುವ ಹೆಂಗಸು ಬೀದಿಯಲ್ಲಿ ಬಂದಿದ್ದಳಂತೆ. ಬಾಚಿ ಸುತ್ತಿದ ಉಂಡೆಗಳನ್ನು ಗೋಡೆ ಸಂದಿಗೆ ಸಿಕ್ಕಿಸಿಟ್ಟು, ಅವಳು ಬಂದಾಗ ಕೊಟ್ಟು ಪಿನ್ನು ತೆಗೆದುಕೊಳ್ಳುವುದು ಊರ ಹೆಂಗಸರೆಲ್ಲರ ವಾಡಿಕೆ. ಗಿಡ್ಡಮ್ಮನ ಉಂಡೆಗಳಿಗೆ ಬರೀ ಪಿನ್ನು ಬರುತ್ತಿತ್ತು. ಅಟ್ಟದ ಮೇಲಿನ ಡಬ್ಬದಲ್ಲಿ ಒಂದು ರಾಶಿಯೇ ಸಿಕ್ಕಿದ್ದರಿಂದ ಈ ಸಲ ಬಟ್ಟಲು ಬಂತು.

ರಮಾ ಅಲ್ಲೇ ಗೋಡೆಗೊರಗಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಿಡ್ಡಮ್ಮ ಮೊದಲು ಗಾಬರಿಯಾದಳು, ಕೂದಲಿಗೆ ಇಷ್ಟು ಅಳುವುದೇ ಎಂದು ಆಮೇಲೆ ರೇಗಿದಳು. ಕೊನೆಗೆ ತಿಂಗಳಿಂದ ಬಚ್ಚಿಟ್ಟಿದ್ದ ಮಾತು ಆಚೆ ಬಂತು.

“ಅಮ್ಮಂಗೂ ಹಿಂಗೇ ಉದುರ್ತಿತ್ತು ಅತ್ತೆ. ಆಮೇಲೇ ತಾನೆ ಹೋಗಿದ್ದು.”

ಗಿಡ್ಡಮ್ಮ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ರಮಾಳ ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ಪಕ್ಕದಲ್ಲಿ ಕೂತು ನೋಡಿಕೊಂಡವಳು ಇದೇ ಗಿಡ್ಡಮ್ಮ. ಸಣ್ಣ ಮಗುವಿನ ಮುಂದೆ ಯಾರು ಹೇಳುತ್ತಾರೆ ಅಂತ ಆ ಕಾಯಿಲೆಯ ಸುದ್ದಿಯನ್ನು ಮನೆಯಲ್ಲಿ ಎಲ್ಲರೂ ನುಂಗಿಕೊಂಡಿದ್ದರು. ಮಗು ದೊಡ್ಡದಾಗಿ ಮೇಡಂ ಆದರೂ ಯಾರೂ ಹೇಳಲಿಲ್ಲ.

“ನಿಮ್ಮವ್ವಂಗೆ ಹೊಟ್ಟೇಲಿ ಗೆಡ್ಡೆಯಾಗಿತ್ತು ಕಣೇ. ಒಂದು ವರ್ಷ ನೋವು ತಿಂದ್ಲು. ಆಗೆಲ್ಲ ಮೊಣಕಾಲುದ್ದ ಜಡೆ ಇತ್ತು. ಬೆಂಗ್ಳೂರ್ ಆಸ್ಪತ್ರೇಲಿ ಇಂಜೆಕ್ಷನ್ ಏರಿಸಿದ್ಮೇಲೆ ಉದುರಿದ್ದು. ಔಷ್ದಿಗೆ ಉದುರಿದ್ದು, ಕಾಯ್ಲೆಗಲ್ಲ. ನಿಂಗೇನು ನೋವೈತೆ ಹೇಳು?”

ರಮಾಗೆ ಯಾವ ನೋವೂ ಇರಲಿಲ್ಲ.

“ಕೂಸು ತಾಯಿ ಮುಖ ಗುರ್ತು ಹಿಡಿದು ನಗೋಕೆ ಶುರು ಮಾಡಿದ್ರೆ ತಾಯಿ ಕೂದ್ಲು ಉದುರ್ತೈತೆ. ನಂಗೂ ನಾಕೂ ಹೆತ್ತಾಗ ಉದುರ್ತು. ತಿರ್ಗಾ ಬಂತು.”

ಆದರೂ ಮೇಡಂ ಮೇಡಮ್ಮೇ ತಾನೆ, ಡಾಕ್ಟರ ಬಾಯಿಂದ ಕೇಳದೆ ನಂಬಿಯಾಳೇ. ಸೋಮವಾರ ರಜೆ ಹಾಕಿ, ಮಗುವನ್ನೂ ಅತ್ತೆಯನ್ನೂ ಕಟ್ಟಿಕೊಂಡು ಬಸ್ಸು ಹತ್ತಿ ಬೇಲೂರಿನ ಲೇಡಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ನೆತ್ತಿ ನೋಡಿದರು, ಕೂದಲನ್ನು ಮೆಲ್ಲಗೆ ಎಳೆದು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಬಸುರಿಯಲ್ಲಿ ಉದುರಬೇಕಾದ ಕೂದಲು ಉದುರದೆ ನಿಂತಿರುತ್ತದೆ, ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಎಲ್ಲ ಒಟ್ಟಿಗೆ ಬೀಳುತ್ತದೆ, ಬುಡ ಗಟ್ಟಿಯಾಗೇ ಇದೆ ಎಂದು ಬಿಡಿಸಿ ಹೇಳಿದರು. ರಕ್ತ ಕೊಂಚ ಕಡಿಮೆಯಿದೆ ಅಂತ ಕಬ್ಬಿಣಾಂಶದ ಮಾತ್ರೆ ಬರೆದರು. ಸೊಪ್ಪು, ಕಾಳು, ಮೊಟ್ಟೆ ತಿನ್ನು, ಜಡೆ ಬಿಗಿದು ಹೆಣೆಯಬೇಡ, ಸಿಕ್ಕಿದ್ದೆಲ್ಲ ತಲೆಗೆ ಮೆತ್ತಬೇಡ ಅಂದರು. ಮಗುವಿನ ವರ್ಷದ ಹೊತ್ತಿಗೆ ಸರಿಹೋಗುತ್ತದೆ, ಹೋಗದಿದ್ದರೆ, ಇಲ್ಲವೇ ಅಲ್ಲಲ್ಲಿ ಬೋಳಾದರೆ ಬಾ ಅಂದರು. ಆಮೇಲೆ ಮಗುವಿಗೆ ಎಷ್ಟು ತಿಂಗಳು, ಮುಖ ನೋಡಿ ನಗುತ್ತದೆಯೇ ಎಂದು ಕೇಳಿದರು. ಗಿಡ್ಡಮ್ಮ ಸೊಸೆಯ ಕಡೆ ತಿರುಗಿ, ನಾನು ಹೇಳಲಿಲ್ಲವೇ ಎಂಬಂತೆ ನೋಡಿದಳು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ರಮಾಗೆ ಎದೆ ಮೇಲಿಂದ ಬೀಸುಕಲ್ಲು ಇಳಿಸಿದಷ್ಟು ಹಗುರವಾಯಿತು. ಹೋಟೆಲಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದಳು. ಗಿಡ್ಡಮ್ಮ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಊರಿಗೆ ವಾಪಸು ಹೊರಟ ಹಳೇಬೀಡಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಗು ರೂಢಿಯಂತೆ ಅಜ್ಜಿಯ ತೊಡೆ ಮೇಲಿತ್ತು. ರಮಾ ಕಿಟಕಿ ಪಕ್ಕ ಕೂತಳು. ಆಮೇಲೆ ಎರಡೂ ಕೈ ಚಾಚಿದಳು.

“ಅತ್ತೆ, ನನ್ನ ಮಗೂನ ಕೊಡು.”

ಸೊಸೆ ಇಷ್ಟು ದಿನ ಮಗುವನ್ನು ದೂರವಿಟ್ಟದ್ದು ಯಾಕೆಂದು ಗಿಡ್ಡಮ್ಮನಿಗೆ ಆಗ ಅರ್ಥವಾಗಿ ಕಣ್ಣು ತುಂಬಿಬಂತು, ಮಗುವನ್ನು ಎತ್ತಿ ಕೊಟ್ಟಳು. ಮಧುಶ್ರೀ ಅಮ್ಮನ ಮುಖವನ್ನೇ ದಿಟ್ಟಿಸಿ ಬಾಯಗಲಿಸಿ ನಕ್ಕಳು, ಕಿವಿಯ ಪಕ್ಕದ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು. ರಮಾ ಈ ಸಲ ಮುಖ ತಿರುಗಿಸಲಿಲ್ಲ. ಆ ಪುಟ್ಟ ಬೆರಳುಗಳಿಗೆ ಸುತ್ತಿಕೊಂಡ ಕೂದಲನ್ನು ಒಂದೊಂದಾಗಿ ಬಿಡಿಸಿ ಕಿಟಕಿಯಾಚೆ ಗಾಳಿಗೆ ಬಿಟ್ಟಳು, ಎಣಿಸಲಿಲ್ಲ.