ಕರ್ಣ ಯಾಕೆ ಬೇಕು?

ಬಾಯಿ ಮುಚ್ಚಿಕೊಂಡಿರುವುದು ಗಣಿತದ ಮೇಷ್ಟರಿಗೆ ಎಷ್ಟು ಕಷ್ಟವೆಂಬುದು ಸೀಮೆಸುಣ್ಣ ಕೈಬಿಟ್ಟ ಮೇಲೆಯೇ ನನಗೆ ತಿಳಿದದ್ದು. ಗುಬ್ಬಿ ಕಡೆಯ ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಯಲ್ಲಿ ಈ ವರ್ಷ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಲೆಕ್ಕವನ್ನು ಮಕ್ಕಳೇ ಬಿಡಿಸಬೇಕು, ಮಕ್ಕಳೇ ತಪ್ಪು ಹಿಡಿಯಬೇಕು, ಸೀಮೆಸುಣ್ಣ ಯಾರ ಕೈಯಲ್ಲಿದೆಯೋ ಅವರೇ ಮೇಷ್ಟರು. ನನಗೆ ಕೊನೆಯ ಬೆಂಚು. ಇಪ್ಪತ್ತು ವರ್ಷ ಮಾತಾಡಿಯೇ ಬದುಕಿದವನಿಗೆ ಇದು ಉಪವಾಸ. ಏಕಾದಶಿಗಾದರೆ ಮರುದಿನ ಪಾರಣೆಯಿದೆ.

ಕಳೆದ ತಿಂಗಳು ತುಮಕೂರಿನಿಂದ ಪರಿವೀಕ್ಷಕರು ಬಂದರು. ಪಾಠ ಮಾಡದ ಮೇಷ್ಟರೆಂಬ ದೂರು ಅವರಿಗೆ ಮುಟ್ಟಿತ್ತು. ನನ್ನ ಪಕ್ಕದಲ್ಲೇ ಕೂತು, "ಇವತ್ತು ನೋಡ್ತೀನಿ. ಸರಿ ಕಾಣ್ದಿದ್ರೆ ನಾಳೆಯಿಂದ ಬೋರ್ಡ್ ಹತ್ರ ನೀವೇ ನಿಂತ್ಕೋಬೇಕು" ಎಂದರು.

ಅಂದಿನ ಲೆಕ್ಕ ಒಂದು ಹೊಲದ್ದು. ನಾಲ್ಕು ಬದಿಗಳ ಉದ್ದವನ್ನೂ ಒಂದು ಕರ್ಣದ ಉದ್ದವನ್ನೂ ಕೊಟ್ಟಿತ್ತು, ವಿಸ್ತೀರ್ಣ ಬೇಕು. ಹಾಗಲವಾಡಿಯ ಲತಾ ಎದ್ದಳು. ಎದುರುಬದುರು ಬದಿಗಳನ್ನು ಕೂಡಿ, ಅರ್ಧ ಮಾಡಿ, ಎರಡು ಅರ್ಧಗಳನ್ನು ಗುಣಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಳು.

"ಕರ್ಣ ಎಲ್ಲೇ?" ಎಂದಳು ಮುಂದಿನ ಬೆಂಚಿನ ಶಿಲ್ಪಾ.

"ಅದ್ಯಾಕೆ ಬೇಕು? ನಮ್ ತಾತ ಬದದ ಮೇಲೇ ಅಳೆಯೋದು ಕಣೇ. ಬೆಳೆ ತುಳ್ಕಂಡು ಮಧ್ಯ ಯಾರ್ ಹೋಗ್ತಾರೆ?"

ತರಗತಿ ನಕ್ಕಿತು, ಆಮೇಲೆ ಹೌದೆಂದು ತಲೆಯಾಡಿಸಿತು. ಎಲ್ಲರ ತಾತಂದಿರೂ ಹಾಗೇ ಅಳೆದವರು. ಪರಿವೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ನಾನು ಬಾಯಿ ತೆರೆದರೆ ಲೆಕ್ಕ ಉಳಿಯುತ್ತಿತ್ತು, ಕಟ್ಟಳೆ ಹೋಗುತ್ತಿತ್ತು. 

ಶಿಲ್ಪಾ ನಾಲ್ಕು ಸ್ಕೇಲುಗಳನ್ನು ಮೇಜಿನ ಮೇಲೆ ಚೌಕವಾಗಿ ಜೋಡಿಸಿ, ನಾಲ್ವರಿಂದ ಮೂಲೆ ಹಿಡಿಸಿದಳು. ಒಂದು ಮೂಲೆಯನ್ನು ಮೆಲ್ಲಗೆ ಎಳೆದಳು. ಚೌಕ ವಾಲಿತು, ಇನ್ನೂ ವಾಲಿ, ಕಟ್ಟಿಗೆ ಕಟ್ಟಿನ ಹಾಗೆ ಮಲಗಿಬಿಟ್ಟಿತು.

"ಬದ ನಾಲ್ಕೂ ಹಂಗೇ ಅವೆ. ಹೊಲ ಎಲ್ಲೋಯ್ತು ಹೇಳೇ?"

ಲತಾ ತುಂಬ ಹೊತ್ತು ನೋಡಿದಳು. ಪರಿವೀಕ್ಷಕರು ಗಡಿಯಾರ ನೋಡಿದರು. ಲತಾ ಮತ್ತೆ ಚೌಕ ಮಾಡಿಸಿ, ಮೂಲೆಯಿಂದ ಮೂಲೆಗೆ ನನ್ನ ಹಳೆಯ ಕೋಲನ್ನಿಟ್ಟು ಒತ್ತಿ ಹಿಡಿದಳು.

"ಈಗ ಎಳಿ, ನೋಡಾನ."

ಅಲುಗಲಿಲ್ಲ. ಅವಳೇ ಹೋಗಿ ತನ್ನ ಉತ್ತರ ಅಳಿಸಿದಳು; ಕರ್ಣ ಎಳೆದು ಹೊಲವನ್ನು ಎರಡು ತ್ರಿಭುಜ ಮಾಡಿದಳು.

"ಅಷ್ಟೊತ್ತೂ ಸುಮ್ನೆ ಕೂತಿದ್ರಲ್ಲ ಮೇಷ್ಟ್ರೇ! ಒಳ್ಳೆ ಸಂಯಮ. ಹಿಂಗೇ ನಡೀಲಿ" ಎಂದು ಪರಿವೀಕ್ಷಕರು ಹೊರಟರು.

ಅಂದಿನ ಡೈರಿಯಲ್ಲಿ "ನಾನು ಮಾತಾಡಲಿಲ್ಲ" ಎಂದು ಬರೆದಿದ್ದೇನೆ. ಓದಿದರೆ ದೊಡ್ಡ ವ್ರತದಂತೆ ಕಾಣುತ್ತದೆ. ಆದರೆ ಕೊತ್ತಗೆರೆಯ ನನ್ನ ತಾತನೂ ಬದುವಿನ ಮೇಲೇ ಅಳೆದವನು. ಲತಾಳ ಉತ್ತರ ತಪ್ಪೆಂದು ನನಗೆ ಗೊತ್ತಿತ್ತು; ಯಾಕೆ ತಪ್ಪೆಂದು ಯಾರಾದರೂ ಕೇಳಿದ್ದರೆ, ಪುಸ್ತಕದ ಸೂತ್ರ ತೋರಿಸುವುದು ಬಿಟ್ಟು ನನ್ನಲ್ಲಿ ಏನೂ ಇರಲಿಲ್ಲ. ಆ ಸಾಲಿನ ಮುಂದೆ ಇವತ್ತು ಇನ್ನೊಂದು ಸೇರಿಸಿದೆ: ಆಡಲು ಮಾತೂ ಇರಲಿಲ್ಲ.