ಅಮಾದೋರ್ ತಿಪಾನನ ಹಾಜರಿ

ಇಲಾರಿಯೊ ತಿಪಾನ್ ಇಪ್ಪತ್ತೆರಡು ವರ್ಷಗಳಿಂದ ಒಂದೇ ದಾರಿಯಲ್ಲಿ ಪ್ರವಾಸಿಗರ ವ್ಯಾನು ಓಡಿಸುತ್ತ ಬಂದವನು. ಶನಿವಾರ, ಭಾನುವಾರ ಬೆಳಿಗ್ಗೆ ಏಳಕ್ಕೆ ಲಟಾಕುಂಗಾ ಸಂತೆಬಯಲಿನ ಪಕ್ಕದಿಂದ ಹೊರಟು, ಕೊಟೊಪಾಕ್ಸಿ ಜ್ವಾಲಾಮುಖಿಯ ಬಿಳಿ ಶಿಖರವನ್ನು ಬಲಕ್ಕಿಟ್ಟುಕೊಂಡು ಏರಿ, ಮೂರು ಹಳೆಯ ಕಲ್ಲು ಸೇತುವೆ ದಾಟಿ, ಸಂಜೆ ಐದರೊಳಗೆ ವಾಪಸು. ಬೂದಿ ಬಿದ್ದ ದಿನ ಗಾಜಿಗೆ ನೀರು ಹೊಯ್ಯದೆ ವೈಪರ್ ಹಾಕಿದವನಲ್ಲ. ಸೇತುವೆಗೆ ಮುಂಚಿನ ತಿರುವಿನಲ್ಲಿ ಎರಡು ಸಲ ಹಾರನ್ ಒತ್ತದೆ ಮುಂದೆ ಹೋದವನಲ್ಲ. ಕುಡಿಯುತ್ತಿರಲಿಲ್ಲ, ಬಾಡಿಗೆ ಹೆಚ್ಚಿಗೆ ಕೇಳುತ್ತಿರಲಿಲ್ಲ. ಅವನ ಬದುಕಿನಲ್ಲಿ ಇದ್ದದ್ದು ಒಂದೇ ಒಂದು ಸುಳ್ಳು. ಅದನ್ನು ಅವನು ವಾರಕ್ಕೆ ಎರಡು ಸಲ ಹೇಳುತ್ತಿದ್ದ.

ಸುಳ್ಳು ಮೂರನೆಯ ಸೇತುವೆಯದು. ಯಾನಾರುಮಿ ಕೊರಕಲಿನ ಮೇಲೆ ಒಂದೇ ಕಮಾನಿನಲ್ಲಿ ನಿಂತ ಸೇತುವೆ ಅದು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಬೆಟ್ಟದಿಂದ ಇಳಿದ ಕೆಸರು ಪ್ರವಾಹ ಅದರ ಅರ್ಧ ಕಮಾನನ್ನು ಕಿತ್ತುಕೊಂಡು ಹೋಯಿತು. ಊರವರೇ ಮಿಂಗಾ ಕೂಡಿ ಅದನ್ನು ಮತ್ತೆ ಕಟ್ಟಿದರು. ಮಿಂಗಾ ಅಂದರೆ ಕೂಲಿಯಿಲ್ಲದ ಊರ ಕೆಲಸ. ಮನೆಗೊಂದು ಆಳು ಬರಲೇಬೇಕು. ಬೆಳಿಗ್ಗೆ ಊರ ಮುಖ್ಯಸ್ಥ ಹೆಸರು ಕೂಗುತ್ತಾನೆ, ಸಾಲಿನಲ್ಲಿ ನಿಂತವನು "ಇದ್ದೀನಿ" ಅನ್ನುತ್ತಾನೆ, ಹಾಜರಿ ಬೀಳುತ್ತದೆ. ಮನೆಯ ಯಜಮಾನನಿಗೆ ಬರಲಾಗದಿದ್ದರೆ ತನ್ನ ಬದಲು ಇನ್ನೊಬ್ಬನನ್ನು ಕಳಿಸಬಹುದು. ಹಾಗೆ ಬಂದವನು ಕಳಿಸಿದವನ ಹೆಸರಿಗೇ "ಇದ್ದೀನಿ" ಅನ್ನಬೇಕು, ಹಾಜರಿಯೂ ಆ ಹೆಸರಿಗೇ. ಇದರಲ್ಲಿ ಮೋಸವಿದೆ ಎಂದು ಯಾರೂ ತಿಳಿಯುವುದಿಲ್ಲ.

ಆ ವರ್ಷದ ಹಾಜರಿ ಪುಸ್ತಕದಲ್ಲಿ ಹೀಗೆ ಬರೆದಿದೆ: ಅಮಾದೋರ್ ತಿಪಾನ್, ಕಲ್ಲು ಕೂರಿಸುವ ಕೆಲಸ, ಮೂವತ್ತಾರು ದಿನ, ಗೈರುಹಾಜರಿ ಇಲ್ಲ. ಇಲಾರಿಯೊ ಆ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದ. ಅಮಾದೋರ್ ಅವನ ಅಪ್ಪ. ವ್ಯಾನು ಓಡಿಸಲು ಶುರುಮಾಡಿದ ಮೊದಲ ತಿಂಗಳಲ್ಲೇ ಯಾರೋ ಪ್ರಯಾಣಿಕರು ಈ ಸೇತುವೆ ಕಟ್ಟಿದವರಾರು ಎಂದು ಕೇಳಿದ್ದರು. "ನಮ್ಮಪ್ಪ" ಎಂದ. ಅಲ್ಲಿಯವರೆಗೆ ಅವನ ಬೆನ್ನನ್ನಷ್ಟೇ ನೋಡುತ್ತಿದ್ದವರು ಅವನ ಮುಖ ನೋಡಿದರು.

ಅಪ್ಪ ಆಗ ಇನ್ನೂ ಬದುಕಿದ್ದ. ವ್ಯಾನಿನಲ್ಲಿ ಬಂದರೆ ಸೇತುವೆಗೆ ಮುಂಚೆ, ಮಗ ಆ ಮಾತು ತೆಗೆಯುವ ಮೊದಲೇ, ಕಾಲು ಜೋಮು ಹಿಡಿದಿದೆ ಎಂದು ಇಳಿದು, ಅಂಚಿಗೆ ಹೋಗದೆ ನಡುರಸ್ತೆಯಲ್ಲೇ ಒಬ್ಬನೇ ನಡೆದು ಆಚೆ ದಡದಲ್ಲಿ ಹತ್ತುತ್ತಿದ್ದ. ಅವನು ಸತ್ತ ಮೇಲೆ ಅಮ್ಮ ಹೇಳಿದಳು: "ನಿಮ್ಮಪ್ಪನಿಗೆ ಆಳ ಕಂಡ್ರೆ ತಲೆ ತಿರುಗ್ತಿತ್ತು ಕಣೋ. ಹಗ್ಗ ಕಟ್ಕೊಂಡು ಇಳಿಯೋಕೆ ಆಗ್ಲಿಲ್ಲ. ಒಂದು ಮೂಟೆ ಬಾರ್ಲಿ, ಒಂದು ಹೆಣ್ಣು ಕುರಿ ಕೊಟ್ಟು ತನ್ನ ಬದಲು ಫೆರ್ಮಿನ್ ಚಾಸಿಯನ್ನ ಕಳಿಸಿದ್ದ." ಮೊದಲ ಎರಡು ವರ್ಷ ಇಲಾರಿಯೊಗೆ ಇದು ಗೊತ್ತಿರಲಿಲ್ಲ. ಉಳಿದ ಇಪ್ಪತ್ತು ವರ್ಷಕ್ಕೆ ಆ ನೆಪ ಇಲ್ಲ.

ಆ ಆಗಸ್ಟ್ ಶನಿವಾರ ವ್ಯಾನಿನಲ್ಲಿ ಇದ್ದವರು ನಾಲ್ಕೇ ಜನ. ಕೀಟೊದ ಮೇಷ್ಟ್ರು ಎಫ್ರಾಯಿನ್, ಅವರ ಹೆಂಡತಿ ಲಿಗಿಯಾ, ಕರಾವಳಿಯ ಗ್ವಾಯಾಕಿಲ್‌ನಿಂದ ಬಂದ ರೊಸೆಂದಾ ಎಂಬ ಮುದುಕಿ, ಜೊತೆಗೆ ಅವಳ ಮೊಮ್ಮಗಳು ಯಾದಿರಾ. ಗಾಳಿ ಜೋರಾಗಿತ್ತು, ಆಕಾಶ ತೊಳೆದಿಟ್ಟಂತಿತ್ತು. ರಸ್ತೆಯ ಎರಡೂ ಕಡೆ ಹಗುರಗಲ್ಲಿನ ಬಿಳಿ ಪದರವನ್ನು ಕತ್ತರಿಸಿದ ಗೋಡೆಗಳು. ಮೇಲೆ ಹೋದಂತೆ ಒಣಹುಲ್ಲಿನ ಬಯಲು, ಅದರ ನಡುವೆ ಬೆಟ್ಟ ಯಾವುದೋ ಕಾಲದಲ್ಲಿ ಉರುಳಿಸಿಬಿಟ್ಟ ಮನೆಯಷ್ಟು ದೊಡ್ಡ ಕಪ್ಪು ಬಂಡೆಗಳು. ಮೊದಲ ಸೇತುವೆ, ಎರಡನೆಯ ಸೇತುವೆ ದಾಟಿ ಆಯಿತು. ಮೇಷ್ಟ್ರು ಹಿಂದಿನಿಂದ ಬಾಗಿದರು.

"ಏನ್ ಸ್ವಾಮಿ, ಮುಂದಿನ ಸೇತುವೆ ನಿಮ್ಮ ತಂದೆಯವರೇ ಕಟ್ಟಿದ್ದಂತೆ? ನಮ್ಮ ಷಡ್ಡಕ ಹೋದ ವರ್ಷ ಬಂದವ್ನು ಅದನ್ನೇ ಹೇಳಿ ಹೇಳಿ ತಲೆ ತಿಂದ."

"ಹೌದು ಮೇಷ್ಟ್ರೇ. ಹಗ್ಗದಲ್ಲಿ ನೇತಾಡ್ಕೊಂಡು ಕೂರಿಸಿದ ಕಲ್ಲುಗಳು. ಗಾರೆಗೆ ಹತ್ತು ಸಾವಿರ ಕೋಳಿಮೊಟ್ಟೆ." ಇಲಾರಿಯೊ ಮೊಬೈಲನ್ನು ಹಿಂದಕ್ಕೆ ಕೊಟ್ಟ. "ಬರೆದಿಟ್ಟಿದ್ದಾರೆ, ನೋಡಿ."

ಮೇಷ್ಟ್ರು ನೋಡಿದರು, ಲಿಗಿಯಾ ನೋಡಿದಳು. ಮೊಬೈಲು ಮುದುಕಿಯ ಕೈಗೆ ಹೋಯಿತು. ಅವಳು ಅದನ್ನು ತುಂಬ ಹೊತ್ತು ಹಿಡಿದುಕೊಂಡಿದ್ದಳು.

"ಅಕ್ಷರ ಚೆನ್ನಾಗಿದೆ" ಎಂದು ವಾಪಸು ಕೊಟ್ಟಳು.

ಜೋಳದ ತೆನೆ ಬೇಯಿಸಿ ಚೀಸಿನ ಜೊತೆ ಮಾರುವ ಗುಡಿಸಲ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸುವುದು ರೂಢಿ. ಎಲ್ಲರೂ ತಿನ್ನಲು ಇಳಿದರು. ಇಲಾರಿಯೊ ಹಿಂದಿನ ಚಕ್ರದ ಬೋಲ್ಟು ನೋಡಲು ಬಗ್ಗಿದ್ದ. ವ್ಯಾನಿನ ಆ ಬದಿಯಿಂದ ಯಾದಿರಾಳ ದನಿ ಕೇಳಿತು.

"ಅಜ್ಜಿ, ನೀನು ಹೇಳಿದ್ದು ನಿಮ್ಮಪ್ಪ ಕಟ್ಟಿದ್ದು ಅಂತ. ಇವನ್ಯಾರೋ ನಮ್ಮಪ್ಪ ಅಂತಾನಲ್ಲ?"

"ಮೆತ್ತಗೆ ಮಾತಾಡು. ಅವರ ಮನೆ ಹೆಸರಲ್ಲೇ ಹೋಗಿದ್ದು ಅಪ್ಪ. ಪುಸ್ತಕದಲ್ಲಿ ಇರೋದು ಸುಳ್ಳಲ್ಲ."

"ಹಂಗಾದ್ರೆ ಫೆರ್ಮಿನ್ ಚಾಸಿ ಅಂತ ಎಲ್ಲೂ ಇಲ್ವಾ?"

"ಎಲ್ಲಿರುತ್ತೆ ಮಗಾ? ಕೂಗಿದ್ದೇ ಬೇರೆ ಹೆಸರು."

"ಹೋಗಿ ಕೇಳ್ತೀನಿ ತಾಳು."

"ಕೂತ್ಕೋ. ಜೋಳ ಆರೋಗುತ್ತೆ. ನಾನು ಸೇತುವೆ ನೋಡೋಕೆ ಬಂದಿದ್ದು, ಜಗಳ ಆಡೋಕಲ್ಲ."

ಇಲಾರಿಯೊ ಬಗ್ಗಿದವನು ಬಗ್ಗಿಯೇ ಇದ್ದ. ಎದ್ದು ನಿಂತರೆ ಕಿಟಕಿಯ ಗಾಜಿನಲ್ಲಿ ಅವರಿಗೆ ಕಾಣುತ್ತಾನೆ. ನಾಲ್ಕು ಬೋಲ್ಟು ಬಿಗಿಯಾಗಿಯೇ ಇದ್ದವು. ಮತ್ತೊಮ್ಮೆ ನಾಲ್ಕನ್ನೂ ಬಿಗಿಮಾಡಿದ.

ಅಲ್ಲಿಂದ ಸೇತುವೆಗೆ ಒಂಬತ್ತು ಕಿಲೋಮೀಟರು. ಅಷ್ಟು ದೂರವೂ ಅವನು ತನ್ನ ಪರವಾಗಿ ವಾದ ಹೂಡಿಕೊಂಡ. ಪದ್ಧತಿಯ ಪ್ರಕಾರ ಕೆಲಸ ತಿಪಾನ್ ಮನೆಯದೇ. ಮುದುಕಿಯೇ ಅದನ್ನು ಒಪ್ಪಿಕೊಂಡಳು. ಅವಳು ಸಂಜೆ ಇಳಿದು ಹೋಗುತ್ತಾಳೆ, ಮತ್ತೆ ಈ ಕಡೆ ಬರುವವಳಲ್ಲ. ಸುಮ್ಮನಿದ್ದರೆ ಯಾರಿಗೇನು ನಷ್ಟ? ಪ್ರತಿ ತಿರುವಿಗೂ ಒಂದೊಂದು ಸಮಾಧಾನ ಸಿಕ್ಕಿತು. ಆದರೆ ಕನ್ನಡಿಯಲ್ಲಿ ಅವಳ ಮುಖ ಕಂಡಾಗಲೆಲ್ಲ ಅವುಗಳಲ್ಲಿ ಒಂದೂ ನಿಲ್ಲಲಿಲ್ಲ. ಹಾರನ್ ಒತ್ತಲು ಮರೆತ. ಎದುರಿಗೆ ಬಂದ ಹಾಲಿನ ಲಾರಿ ಸೇತುವೆಯ ಬಾಯಲ್ಲಿ ಬ್ರೇಕ್ ಹಾಕಿ, ಹಿಂದಕ್ಕೆ ಹೋಗಿ ದಾರಿ ಬಿಟ್ಟಿತು; ಅದರ ಚಾಲಕ ಬೈದ.

ಎಲ್ಲರೂ ಇಳಿದರು. ರೊಸೆಂದಾ ನೇರವಾಗಿ ಕೆಳಬದಿಯ ಕಟ್ಟೆಗೋಡೆಯ ಹತ್ತಿರ ಹೋಗಿ ಕಲ್ಲಿನ ಮೇಲೆ ಕೈಯಿಟ್ಟಳು. ಹಳೆಯ ಅರ್ಧ ಕಪ್ಪು ಕಲ್ಲು, ಹೊಸ ಅರ್ಧ ಬೂದುಗೆಂಪು ಕಲ್ಲು. ಸೇರಿದ ಗೆರೆ ಈಗಲೂ ಕಾಣುತ್ತದೆ.

ಮೇಷ್ಟ್ರು ಕ್ಯಾಮೆರಾ ಹಿಡಿದು ಬಂದರು. "ಸ್ವಾಮಿ, ನೀವು ಅಲ್ಲಿ ನಿಲ್ಲಿ. ಅಪ್ಪನ ಸೇತುವೆ ಮೇಲೆ ಮಗ! ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫೋಟೋಗೆ ಅಡ್ಡ ಬರ್ತಿದ್ದೀರ."

ರೊಸೆಂದಾ ಕೈ ತೆಗೆದಳು, ಪಕ್ಕಕ್ಕೆ ಸರಿದಳು. ಕೇಳಿದಷ್ಟೇ ದೂರ ಸರಿದಳು. ಯಾದಿರಾ ಬಾಯಿ ತೆರೆದವಳು ಅಜ್ಜಿಯ ಕಣ್ಣು ನೋಡಿ ಮುಚ್ಚಿಕೊಂಡಳು.

ಇಲಾರಿಯೊ ಅವಳು ನಿಂತಿದ್ದ ಜಾಗಕ್ಕೆ ಹೋಗಲಿಲ್ಲ.

"ಬೇಡ ಮೇಷ್ಟ್ರೇ" ಎಂದ. ದನಿ ಗಾಳಿಗೆ ಹಾರಿಹೋಯಿತು. ಮತ್ತೆ ಹೇಳಬೇಕಾಯಿತು. "ಫೋಟೋ ಬೇಡ. ನಮ್ಮಪ್ಪ ಇದನ್ನ ಕಟ್ಟಿಲ್ಲ."

"ಪುಸ್ತಕದಲ್ಲಿ ಇದೆಯಲ್ರೀ?"

"ಹೆಸರು ಇದೆ. ಆಳು ಬೇರೆ. ನಮ್ಮಪ್ಪ ಹೆದರ್ಕೊಂಡು ಮನೇಲಿದ್ದ. ಕಲ್ಲು ಕೂರಿಸಿದ್ದು ಫೆರ್ಮಿನ್ ಚಾಸಿ, ಈ ಅಮ್ಮನ ಅಪ್ಪ. ನಂಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತಿತ್ತು."

ಮೇಷ್ಟ್ರು ಕ್ಯಾಮೆರಾ ಇಳಿಸಿದರು. "ಅಜ್ಜಿ, ನಾನು ನಿಮ್ಮನ್ನ ಪಕ್ಕಕ್ಕೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಲಿಗಿಯಾ ಗಂಡನ ತೋಳು ಹಿಡಿದು ವ್ಯಾನಿನ ಕಡೆಗೆ ಎಳೆದಳು.

ಇಲಾರಿಯೊ ರೊಸೆಂದಾಳ ಮುಂದೆ ಟೋಪಿ ತೆಗೆದು ನಿಂತ. ಬೈಗುಳಕ್ಕೆ ಕಾಯುತ್ತಿದ್ದ. ಬೈದಿದ್ದರೆ ಸುಲಭವಾಗುತ್ತಿತ್ತು.

"ಮೊಟ್ಟೆ ಹಾಕಿರ್ಲಿಲ್ಲ" ಎಂದಳು ಅವಳು. "ಆ ವರ್ಷ ತಿನ್ನೋಕೇ ಮೊಟ್ಟೆ ಇರ್ಲಿಲ್ಲ. ಬರೀ ಸುಣ್ಣ, ಬೆಟ್ಟದ ಬೂದಿ. ಈ ಕಲ್ಲಿಗೆ ತೂತು ಜಾಸ್ತಿ; ಒಣಗಿದ್ದನ್ನ ಹಂಗೇ ಇಟ್ರೆ ಗಾರೆಯ ನೀರೆಲ್ಲ ಕುಡಿದುಬಿಡುತ್ತೆ, ಗಾರೆ ಪುಡಿಯಾಗುತ್ತೆ. ಅದಕ್ಕೆ ಅಪ್ಪ ಒಂದೊಂದು ಕಲ್ಲನ್ನೂ ಹಿಂದಿನ ದಿನವೇ ಹೊಳೇಲಿ ಮುಳುಗಿಸಿ ಇಡೋನು. ಇನ್ಮೇಲೆ ಹೇಳೋದಾದ್ರೆ ಅದನ್ನ ಹೇಳು."

"ಹೇಳ್ತೀನಿ ಅಮ್ಮ."

"ಮೂವತ್ತನೇ ದಿನವೋ ಏನೋ, ಸುಣ್ಣ ಅರಳಿಸುವಾಗ ಸಿಡೀತು. ಎಡಗಣ್ಣು ಹೋಯ್ತು. ಉಳಿದ ದಿನ ಒಂದೇ ಕಣ್ಣಲ್ಲಿ ಕೆಲಸ ಮಾಡಿ ಮುಗಿಸ್ದ. ಆಮೇಲೆ ಯಾರೂ ಕಲ್ಲು ಕೆಲಸಕ್ಕೆ ಕರೀಲಿಲ್ಲ. ಬಾಳೆತೋಟದ ಕೂಲಿಗೆ ಅಂತ ಕರಾವಳಿಗೆ ಇಳಿದ್ವಿ."

ಇದನ್ನು ಇಲಾರಿಯೊನ ಅಮ್ಮ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಇವನೂ ಕೇಳಿರಲಿಲ್ಲ. ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತುತ್ತ ನಿಂತ.

"ನಿಮ್ಮಪ್ಪ ಮೋಸ ಮಾಡಿದ ಅಂತ ನಾನು ಹೇಳಲ್ಲ" ಎಂದಳು ರೊಸೆಂದಾ. "ಮಾತಿನ ಪ್ರಕಾರ ಬಾರ್ಲಿ ಬಂತು, ಕುರೀನೂ ಬಂತು. ಕಣ್ಣು ಹೋದ ಸುದ್ದಿ ಕೇಳಿ ನಮ್ಮ ಬಾಗಿಲಿಗೆ ಬಂದಿದ್ದ. ಒಳಗೆ ಬಾ ಅಂದ್ರೂ ಬರ್ಲಿಲ್ಲ. ಹೊಸಲಲ್ಲೇ ನಿಂತು ಅತ್ತು ಹೋದ. ನಂಗೆ ಆಗ ಹನ್ನೆರಡು ವರ್ಷ, ನೆನಪಿದೆ. ಅವನಿಗೆ ಅವತ್ತೇ ನಾಚಿಕೆ ಆಯ್ತು. ನಿಂಗೆ ಇಪ್ಪತ್ತು ವರ್ಷ ಬೇಕಾಯ್ತಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಮತ್ತೆ ಗೋಡೆಯ ಹತ್ತಿರ ಹೋಗಿ, ಯಾದಿರಾಳನ್ನು ಕರೆದು, ಬಗ್ಗಿ ಕಮಾನಿನ ಒಳಮೈ ತೋರಿಸಿದಳು. ಇಲಾರಿಯೊ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಬಗ್ಗಿ ನೋಡಿದವನಲ್ಲ. ಈಗ ಹೋಗಿ ಅವರ ಪಕ್ಕದಲ್ಲಿ ನಿಂತು ನೋಡುವ ಧೈರ್ಯವೂ ಬರಲಿಲ್ಲ. ವ್ಯಾನಿನ ಹತ್ತಿರವೇ ಕಾದ. ಒಂದು ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಲಟಾಕುಂಗಾದಲ್ಲಿ ಇಳಿಯುವಾಗ ರೊಸೆಂದಾ ಅವನು ಚಾಚಿದ ಕೈ ಹಿಡಿದೇ ಮೆಟ್ಟಿಲು ಇಳಿದಳು, ಇಳಿದ ಮೇಲೆ ಬಿಟ್ಟಳು. ಯಾದಿರಾ ಅವನ ಕಡೆ ನೋಡಲಿಲ್ಲ.

ಸ್ಟ್ಯಾಂಡಿನಲ್ಲಿ ನಾಲ್ಕೈದು ಚಾಲಕರು ಪೆಟ್ಟಿಗೆಯೊಂದನ್ನು ಮಗುಚಿ ಇಸ್ಪೀಟು ಆಡುತ್ತಿದ್ದರು. ಅವರಲ್ಲಿ ವಾಷಿಂಗ್ಟನ್ ಬೊನಿಯಾ ಎಂಬವನು ಎಲ್ಲರಿಗಿಂತ ಬಾಯಾಳಿ. ಇಲಾರಿಯೊನನ್ನು ಕಂಡೊಡನೆ ಕೂಗಿದ: "ಬಂದ್ರಪ್ಪಾ ಸೇತುವೆ ಮೇಸ್ತ್ರಿ ಮಗ! ಏನೋ, ಇವತ್ತು ನಿಮ್ಮಪ್ಪ ಎಷ್ಟು ಸೇತುವೆ ಕಟ್ಟಿದ?"

ಹೇಳದೆ ಹೋಗಬಹುದಿತ್ತು. ಇಲ್ಲಿ ಯಾವ ಮುದುಕಿಯೂ ಇರಲಿಲ್ಲ.

"ಒಂದೂ ಕಟ್ಟಿಲ್ಲ" ಎಂದ ಇಲಾರಿಯೊ.

ಎಲ್ಲರೂ ನಕ್ಕರು. ಇಷ್ಟು ವರ್ಷದಲ್ಲಿ ಅವನು ಆಡಿದ ಒಳ್ಳೆಯ ತಮಾಷೆ ಇದೇ ಎಂದು ಯಾರೋ ಅವನ ಬೆನ್ನು ತಟ್ಟಿದರು. ವಾಷಿಂಗ್ಟನ್ ಅವನಿಗೆ ಕೂರಲು ಜಾಗ ಬಿಟ್ಟು ಎಲೆ ಹಂಚತೊಡಗಿದ. ಇಲಾರಿಯೊ ಕೂರಲಿಲ್ಲ. ನಗು ನಿಲ್ಲುವವರೆಗೆ ನಿಂತಿದ್ದು, ಮತ್ತೆ ಮೊದಲಿಂದ ಶುರುಮಾಡಿದ.

"ತಮಾಷೆ ಅಲ್ಲ ಕಣ್ರೋ. ಕೇಳಿ. ಫೆರ್ಮಿನ್ ಚಾಸಿ ಅಂತ ಒಬ್ಬ ಇದ್ದ."